ಅಧ್ಯಕ್ಷರ ಮನೆಯವರು

ಕಸದ ಲಾರಿಯ ಪಿಯಾನೊ ರಾಗ ಬೀದಿಯ ತುದಿಯಲ್ಲಿ ಕೇಳಿದ್ದೇ ತಡ, ಶ್ಯುಮಾನ್ ಗೆಣಸಿನ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಲಾರಿ ನಿಲ್ಲುವುದಿಲ್ಲವೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೇ. ಆದರೂ ಇಷ್ಟು ವರ್ಷದ ಅಭ್ಯಾಸ. ಆ ರಾಗ ಕಿವಿಗೆ ಬಿದ್ದರೆ ಕಾಲು ತಾನಾಗಿ ಹಿತ್ತಿಲ ಬಾಗಿಲಿಗೆ ಹೋಗುತ್ತದೆ, ಕೈ ತಾನಾಗಿ ಚೀಲದ ಕುತ್ತಿಗೆ ಹಿಡಿಯುತ್ತದೆ. ಬೀದಿಗೆ ಬಂದಾಗ ಅಕ್ಕಪಕ್ಕದವರೆಲ್ಲ ಆಗಲೇ ಎರಡೆರಡು ಚೀಲ ಹಿಡಿದು ನಿಂತಿದ್ದರು. ಕಸ ಎತ್ತದೆ ಎರಡನೇ ವಾರ. ಚೀಲಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು, ಕೆಲವುಗಳ ತಳದಿಂದ ಕಂದು ನೀರು ಚಪ್ಪಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಹಳದಿ ಲಾರಿ ಮೂಲೆ ತಿರುಗಿತು, ನಿಧಾನವಾಗಿ ಬಂತು, ನಿಲ್ಲಲಿಲ್ಲ. ರಾಗ ನಡುವೆಯೇ ಕಡಿದು ಒಂದು ಹೆಣ್ಣು ದನಿ ಹೊರಟಿತು: “ಹಾಯ್‌ವೆಯ್ ಹೋಬಳಿಯ ಪ್ರಿಯ ಬಂಧುಗಳೇ, ನಾನು ನಿಮ್ಮ ಅಧ್ಯಕ್ಷೆ ಕೋ ಶ್ಯುಮಾನ್. ನೆರೆಜಿಲ್ಲೆಯ ಕಸ ಸುಡುವ ಕುಲುಮೆ ದುರಸ್ತಿಯಲ್ಲಿದೆ. ಮುಂದಿನ ಸೂಚನೆಯವರೆಗೆ ದಯವಿಟ್ಟು ಕಸವನ್ನು ಮನೆಯೊಳಗೇ ಇಟ್ಟುಕೊಳ್ಳಿ. ತಪ್ಪಾಯಿತು, ಕ್ಷಮಿಸಿ.” ದನಿ ಕೊನೆಯಲ್ಲಿ ತುಸು ನಡುಗಿತ್ತು. ಆ ನಡುಕವನ್ನು ಹೇಳಿಕೊಟ್ಟವನು ಗಂಡ ವಾನ್‌ಫು. ಮುಂದಿನ ಕೋಣೆಯಲ್ಲಿ ಅವಳನ್ನು ಮೈಕಿನೆದುರು ಕೂರಿಸಿ, ಬೆರಳೆತ್ತಿ, ಇನ್ನೂ ಮೆತ್ತಗೆ, ಅಳು ಬಂದ ಹಾಗೆ, ಹಾಂ, ಹಾಗೆ, ಎಂದು ಏಳೆಂಟು ಸಲ ಹೇಳಿಸಿದ್ದ. ರಾಗ ಯಾಕೆ ಹಾಕಬೇಕು, ಬರೀ ಮಾತು ಸಾಲದೇ ಎಂದು ಅವಳು ಕೇಳಿದ್ದಕ್ಕೆ ನಕ್ಕಿದ್ದ. “ರಾಗ ಕೇಳಿದ್ರೆ ತಾನೇ ಜನ ಹೊರಗೆ ಬರೋದು?”

ಜನ ಹೊರಗೆ ಬಂದಿದ್ದರು. ತನ್ನ ದನಿ ತನ್ನೆದುರೇ ಕ್ಷಮೆ ಕೇಳುತ್ತ ಹಾದುಹೋಗುವುದನ್ನು ಅವಳು ಕೈಯಲ್ಲಿ ಚೀಲ ಹಿಡಿದು ನೋಡಿದಳು. ಎಲ್ಲರೂ ಮೊದಲು ಲಾರಿಯನ್ನು, ಆಮೇಲೆ ಅವಳನ್ನು ನೋಡಿದರು. ಎದುರುಮನೆಯ ಶ್ಯಾವಿಗೆ ಅಂಗಡಿಯ ಅಕಿಮ್ ಚಿಕ್ಕಮ್ಮ ಬೀದಿ ದಾಟಿ ಹತ್ತಿರ ಬಂದಳು.

“ಅತ್ತಿಗೆ, ದನಿ ಭಾಳ ಚೆನ್ನಾಗಿ ಬಂದಿದೆ ಕಣ್ರೀ. ರೇಡಿಯೋದೋರ ಥರ. ನಮ್ಮನೇಲಿ ಮೀನಿನ ಕರುಳೆಲ್ಲಾ ಫ್ರಿಜ್ಜಲ್ಲಿಟ್ಟಿದೀನಿ. ನಮ್ಮೆಜಮಾನ್ರು ನಿನ್ನೆ ಐಸು ಅಂತ ಅದನ್ನೇ ಗ್ಲಾಸಿಗೆ ಹಾಕ್ಕೊಂಡ್ರು.”

ಸುತ್ತ ನಿಂತವರು ನಕ್ಕರು. ಶ್ಯುಮಾನ್ ಕೂಡ ನಗಲು ಬಾಯಿ ಅಗಲಿಸಿದಳು. ಚಿಕ್ಕಮ್ಮ ನಗಲಿಲ್ಲ. ತನ್ನ ಚೀಲವನ್ನು ಅವಳ ಕಾಲ ಬಳಿ ಇಟ್ಟಳು. “ಇದನ್ನ ಆ ದನಿ ಹತ್ರ ಕೊಟ್ಬಿಡಿ” ಎಂದು ಹೇಳಿ ಒಳಗೆ ಹೋದಳು. ಎರಡು ಚೀಲ ಹಿಡಿದು ಮನೆಗೆ ಮರಳಿದಾಗ ಮುಂದಿನ ಕೋಣೆಯಲ್ಲಿ ವಾನ್‌ಫು, ಮರದ ಬೇರಿನಲ್ಲಿ ಕೆತ್ತಿದ ಆ ದೊಡ್ಡ ಮೇಜಿನ ಹಿಂದೆ ಕೂತು, ಬೆಳಗಿನ ಮೊದಲ ಚಹಾ ಬಸಿಯುತ್ತಿದ್ದ. “ಒಂದು ತಗೊಂಡು ಹೋಗಿ ಎರಡು ತಂದ್ಯಾ? ಒಳ್ಳೇ ವ್ಯಾಪಾರ” ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಯಾವುದನ್ನೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅದೇ ಅವಳ ಹೊಟ್ಟೆಯಲ್ಲಿ ಬೆಂಕಿಯಾಗಿ ಕೂತಿತು.

ಊರಿಗೆಲ್ಲ ಅವಳು ಅತ್ತಿಗೆ. ಹೊರಗಿನವರಿಗೆ ಪರಿಚಯಿಸುವಾಗ ‘ಅಧ್ಯಕ್ಷರ ಮನೆಯವರು’ ಎನ್ನುತ್ತಾರೆ. ಅಧ್ಯಕ್ಷೆ ಅವಳೇ ಎಂಬುದು ನೆನಪಾದರೆ ನಾಲಗೆ ಕಚ್ಚಿ, ಇನ್ನೂ ಜೋರಾಗಿ ನಗುತ್ತಾರೆ. ಕಳೆದ ಅವಧಿಗೆ ವಾನ್‌ಫು ಅಧ್ಯಕ್ಷನಾಗಿದ್ದ. ಮತ್ತೆ ನಿಲ್ಲುವ ಹೊತ್ತಿಗೆ ಮನೆಮನೆಗೆ ಉಡುಗೊರೆ ಪೆಟ್ಟಿಗೆ ಹಂಚಿದ ಕೇಸಿನಲ್ಲಿ ಸಿಕ್ಕಿಬಿದ್ದು ಆ ಹಕ್ಕು ಕಳೆದುಕೊಂಡ. ಅವನ ಜಾಗದಲ್ಲಿ ಅವಳು ನಿಂತಳು. ನಿಂತಳು ಅನ್ನುವುದಕ್ಕಿಂತ ಮಂಡಿಯೂರಿದಳು. ಪ್ರಚಾರದ ಕೊನೆಯ ದಿನ ಗುಡಿಯೆದುರಿನ ವೇದಿಕೆಯಲ್ಲಿ ಅವನೇ ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದ್ದ. ಜನ ನೋಡುತ್ತಿದ್ದರು, ಮಂಡಿಯ ಕೆಳಗೆ ಹಲಗೆಯ ಮೊಳೆಯೊಂದು ಮೇಲೆದ್ದಿತ್ತು. ಮೈಕಿನಲ್ಲಿ ನನ್ನ ಗಂಡನಿಗೆ ನ್ಯಾಯ ಕೊಡಿ ಎಂದು ಬೇಡುವಾಗ ಅವಳ ಕಣ್ಣಲ್ಲಿ ಬಂದ ನೀರು ಆ ಮೊಳೆಯದು. ಮುದುಕಿಯರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಓಟು ಹಾಕಿದರು. ಗೆದ್ದ ಮರುದಿನ ಅವಳ ಹೆಸರಿನ ಮೊಹರು ಕೆತ್ತಿಸಿ ತಂದರು. ಅದು ಅವನ ಮೇಜಿನ ಖಾನೆ ಸೇರಿತು. ಮೀನುಗಾರರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಒಂದು ಸೊನ್ನೆ ಹೆಚ್ಚಾದರೂ ಮಧ್ಯಾಹ್ನದ ಊಟ ಬಿಟ್ಟು ಹುಡುಕುತ್ತಿದ್ದ ಹೆಂಗಸು, ತನ್ನ ಹೆಸರಿನಲ್ಲಿ ದಿನಾ ಏನೇನಕ್ಕೆ ಮೊಹರು ಬೀಳುತ್ತಿದೆ ಎಂದು ಕೇಳುವುದನ್ನೇ ಬಿಟ್ಟಳು. ಮೊದಲು ಸಂಕೋಚಕ್ಕೆ ಬಿಟ್ಟಳು. ಆಮೇಲೆ ಅದೇ ಸುಖವೆನಿಸಿತು. ಆ ಸುಖವನ್ನು ನೆನೆದರೆ ಅವಳಿಗೆ ಗಂಡನಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಗುತ್ತಿತ್ತು.

ಆ ದಿನ ಜಿಲ್ಲಾ ಕಚೇರಿಯಲ್ಲಿ ಕಸದ ಬಗ್ಗೆ ಎಲ್ಲ ಹೋಬಳಿ ಅಧ್ಯಕ್ಷರ ಸಭೆ. ಕಾರು ಹತ್ತುವಾಗ ವಾನ್‌ಫು ಕಿಟಕಿಗೆ ಬಾಗಿ ಹೇಳಿದ: “ಮಾತಾಡೋಕೆ ಹೋಗಬೇಡ. ತಲೆ ಆಡಿಸು ಸಾಕು. ನಮ್ಮದು ನಾನು ನೋಡ್ಕೊಂಡಿದೀನಿ.” ಪಕ್ಕದಲ್ಲಿ ಹೋಬಳಿ ಕಾರ್ಯದರ್ಶಿ ಲ್ಯು ಕೂತಿದ್ದ. ವಾನ್‌ಫುವಿನ ಕಾಲದಿಂದಲೂ ಇರುವವನು, ಯಾರು ಮಾತಾಡಿದರೂ ಹೌದು ಹೌದು ಎಂದು ಉಸಿರಾಡುವಂಥವನು. ದಾರಿಯುದ್ದಕ್ಕೂ ವಿದ್ಯುತ್ ಕಂಬಗಳ ಬುಡದಲ್ಲಿ, ಸೇತುವೆಗಳ ಕೆಳಗೆ, ಶೇಂಗಾ ಹೊಲಗಳ ಅಂಚಿನಲ್ಲಿ ಚೀಲಗಳು ಬಿದ್ದಿದ್ದವು. ಜನ ಕತ್ತಲಲ್ಲಿ ಪಕ್ಕದ ಹಳ್ಳಿಯ ಗಡಿಯಲ್ಲಿ ಎಸೆದು ಬರುತ್ತಿದ್ದರು, ಪಕ್ಕದ ಹಳ್ಳಿಯವರು ಇವರ ಗಡಿಯಲ್ಲಿ. ನಾಯಿಗಳು ಎಳೆದಾಡಿದ್ದನ್ನು ಸಮುದ್ರದ ಗಾಳಿ ಬೇಲಿಗಳಿಗೆ ನೇತು ಹಾಕಿತ್ತು.

ಸಭೆಯ ಉದ್ದ ಮೇಜಿನಲ್ಲಿ ತನ್ನ ಹೋಬಳಿಯ ಕುರ್ಚಿಯೆದುರು ಇಟ್ಟಿದ್ದ ಫಲಕದಲ್ಲಿ ಡಿಂಗ್ ವಾನ್‌ಫು ಎಂದು ಬರೆದಿತ್ತು. ಅವಳು ನಿಂತೇ ಇದ್ದುದನ್ನು ಕಂಡು ಕಚೇರಿಯ ಹುಡುಗಿ ಓಡಿಬಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಯ್ಯೋ, ಹಳೇ ಫಲಕ ಅತ್ತಿಗೆ. ಹೊಸದು ಮಾಡ್ಸೋದೇ ಮರೆತ್ಹೋಯ್ತು.” ಚುನಾವಣೆಯಾಗಿ ವರ್ಷ ದಾಟಿತ್ತು. ಪರವಾಗಿಲ್ಲ ಎಂದು ಶ್ಯುಮಾನ್ ಗಂಡನ ಹೆಸರಿನ ಹಿಂದೆ ಕೂತಳು. ಪರವಾಗಿಲ್ಲ ಎಂಬ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆ! ಮದುವೆಯ ದಿನ ಅತ್ತೆ ಉಂಗುರ ಚಿಕ್ಕದಾಯಿತೇ ಎಂದಾಗ, ಬೆರಳು ಊದಿ ನೀಲಿಯಾಗಿದ್ದರೂ, ಇದೇ ಮಾತು ಬಂದಿತ್ತು. ಜಿಲ್ಲಾಧ್ಯಕ್ಷರು ಎದ್ದು ನಿಂತು ಗೋಡೆಯ ಮೇಲೆ ಬೆಳಕಿನ ಚಿತ್ರಗಳನ್ನು ತೋರಿಸಿದರು. ಕುಲುಮೆ ಕೆಟ್ಟಿರುವುದರಿಂದ ನೆರೆಜಿಲ್ಲೆಗೆ ತನ್ನ ಕಸವೇ ಹೆಚ್ಚಾಗಿದೆ, ನಮ್ಮದನ್ನು ಸದ್ಯ ತೆಗೆದುಕೊಳ್ಳುವುದಿಲ್ಲ. ರಾಜಧಾನಿಗೆ ಬರೆದಿದ್ದೇವೆ, ಇದು ಸ್ಥಳೀಯ ಆಡಳಿತದ ವಿಷಯ ಎಂದು ಉತ್ತರ ಬಂದಿದೆ. “ಕಾನೂನು ಸ್ಪಷ್ಟವಾಗಿದೆ” ಎಂದರು. “ಕಸ ಎತ್ತೋದು, ವಿಲೇವಾರಿ ಮಾಡೋದು ಹೋಬಳಿಗಳ ಹೊಣೆ. ಜಿಲ್ಲೆ ಮಾರ್ಗದರ್ಶನ ಮಾಡುತ್ತೆ.”

“ಆ ಮಾರ್ಗದರ್ಶನಾನ ಎಲ್ಲಿ ಹೂಳೋದು, ಸ್ವಾಮಿ?” ಎಂದ ಗುಡ್ಡದ ಕಡೆಯ ಮುದಿ ಅಧ್ಯಕ್ಷನೊಬ್ಬ. ಎಲ್ಲರೂ ನಕ್ಕರು, ಜಿಲ್ಲಾಧ್ಯಕ್ಷರೂ ನಕ್ಕರು. ನಕ್ಕ ಮೇಲೆ ವಿಷಯ ಮುಗಿದಂತಾಯಿತು. ಊಟದ ಡಬ್ಬಿಗಳು ಬಂದವು. ಮೇಜಿನ ಸುತ್ತ ಕೂತ ಪ್ರತಿಯೊಬ್ಬರಿಗೂ ಗೊತ್ತಿದ್ದ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಜಿಲ್ಲಾ ಪಟ್ಟಣದ ಹೊರಗೆ ಜಿಲ್ಲೆಯದೇ ಒಂದು ಕಸದ ಗುಂಡಿಯಿತ್ತು. ಅದರ ಒಂದು ಖಾನೆ, ತಳಕ್ಕೆ ದಪ್ಪ ಹಾಳೆ ಹಾಸಿ ಸಿದ್ಧ ಮಾಡಿದ್ದು, ಖಾಲಿ ಬಿದ್ದಿತ್ತು. ಈಚೆಗೆ ಅದರ ಪಕ್ಕ ಎತ್ತರದ ಮನೆಗಳು ಎದ್ದು, ಬಾಲ್ಕನಿಗಳಲ್ಲಿ ಹೂಕುಂಡಗಳು ಬಂದ ಮೇಲೆ, ಆ ಗುಂಡಿಯ ಹೆಸರನ್ನೇ ಯಾರೂ ಹೇಳುತ್ತಿರಲಿಲ್ಲ. ಶ್ಯುಮಾನ್ ಡಬ್ಬಿಯೊಳಗಿನ ಹಂದಿಮಾಂಸದ ತುಂಡನ್ನು ನೋಡುತ್ತ ಕೂತಿದ್ದವಳು ಕೈಯೆತ್ತಿದಳು. ಎತ್ತಿದ ಮೇಲೆ ಅದು ತನ್ನ ಕೈಯೆಂದು ತಿಳಿಯಿತು.

“ಹಾಂ ಅತ್ತಿಗೆ! ವಾನ್‌ಫು ಹೇಗಿದ್ದಾನೆ? ಅವನ ಚಹಾ ಕುಡಿದು ಎಷ್ಟು ದಿನ ಆಯ್ತು.”

“ಜಿಲ್ಲೆಯ ಗುಂಡಿಯಲ್ಲಿ ಒಂದು ಖಾನೆ ಖಾಲಿ ಇದೆಯಲ್ಲ” ಎಂದಳು. “ಸದ್ಯಕ್ಕೆ ಅದನ್ನ ತೆಗೆಯಬಹುದಲ್ವಾ?”

ಚಾಪ್‌ಸ್ಟಿಕ್‌ಗಳ ಸದ್ದು ನಿಂತಿತು. “ಅದು ತುರ್ತಿಗೆ ಅಂತ ಇಟ್ಟಿರೋದು” ಎಂದರು ಜಿಲ್ಲಾಧ್ಯಕ್ಷರು.

“ಇದು ತುರ್ತಲ್ವಾ?”

ಅವರು ಕನ್ನಡಕ ತೆಗೆದು, ಮಗುವಿನ ಹಟಕ್ಕೆ ಸೋತವರಂತೆ ನಕ್ಕರು. “ಅತ್ತಿಗೆ, ನಿಮ್ಮ ಹೋಬಳೀದು ಬಗೆಹರಿದಿದೆ, ಇವತ್ತಿಂದ್ಲೇ ಶುರು ಅಂತ ವಾನ್‌ಫು ನಿನ್ನೇನೇ ನನಗೆ ಫೋನ್ ಮಾಡಿದ್ನಲ್ಲ. ಮನೇಲಿ ನೀವಿಬ್ರೂ ಮಾತಾಡ್ಕೊಳೋದಿಲ್ವಾ?”

ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಗು ಓಡಿತು. ಯಾರೋ “ಮಾತಿಗೆ ಪುರುಸೊತ್ತೆಲ್ಲಿ ಬಿಡಿ” ಎಂದರು, ನಗು ಇನ್ನೊಂದು ಸುತ್ತು ಬಂತು. ಅವಳು ಕೈ ಇಳಿಸಿ, ಹಂದಿಮಾಂಸದ ತುಂಡನ್ನು ಬಾಯಿಗಿಟ್ಟು, ಅಗಿದು ನುಂಗಿದಳು. ಸಭೆ ಮುಗಿದಾಗ ಜಿಲ್ಲಾಧ್ಯಕ್ಷರು ಎಲ್ಲರ ಕೈ ಕುಲುಕುತ್ತ ಅವಳ ಬಳಿಯೂ ಬಂದು, “ಹೊಣೆ ನಿಮ್ಮದು ಅತ್ತಿಗೆ, ಧೈರ್ಯವಾಗಿರಿ” ಎಂದರು.

ಕಾರಿನಲ್ಲಿ ಕೂತ ಮೇಲೆ ಕೇಳಿದಳು: “ಏನು ಬಗೆಹರಿದಿದೆ, ಲ್ಯು?”

“ಪೂರ್ತಿ ನನಗೂ ಗೊತ್ತಿಲ್ಲ ಅತ್ತಿಗೆ. ಅಧ್ಯಕ್ಷರು ಏನೋ ಜಾಗ ನೋಡಿದಾರೆ ಅಂತ…”

ಅವನು ಸುಳ್ಳು ಹೇಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಗೊತ್ತಿದ್ದೂ ಗೊತ್ತಿಲ್ಲದವಳಂತೆ ತಾನು ಕೇಳುತ್ತಿದ್ದೇನೆಂದು ಅವಳಿಗೆ ಹೊಳೆದದ್ದು ಆಗ. ಮೊನ್ನೆ ಊಟದ ಹೊತ್ತಿಗೆ ವಾನ್‌ಫು ಫೋನಿನಲ್ಲಿ ಯಾರೊಡನೆಯೋ ಲುನ್‌ವೆಯ್ ತಗ್ಗು, ಆ ಹಾಳುಬಿದ್ದ ಮೀನುಕೊಳ, ಮಣ್ಣು ಮುಚ್ಚಿದರೆ ಯಾರಿಗೆ ಕಾಣುತ್ತೆ ಎಂದಿದ್ದ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಲುನ್‌ವೆಯ್ ಎಂದ ಕೂಡಲೇ ಕೈ ನಿಂತಿತ್ತು. ಆ ಹಾಳುಕೊಳದ ಬದುವಿನಾಚೆ ಅವಳ ಅಣ್ಣನ ಕಪ್ಪೆಚಿಪ್ಪಿನ ಕೊಳಗಳು. ಎರಡಕ್ಕೂ ಉಬ್ಬರದ ನೀರು ಬರುವುದು ಒಂದೇ ಕಾಲುವೆಯಿಂದ. ಕೈ ನಿಂತಿತ್ತು, ಮತ್ತೆ ಸುಲಿಯತೊಡಗಿತ್ತು. ಟಿವಿಯಲ್ಲಿ ಯಾರೋ ಹಾಡುತ್ತಿದ್ದರು, ಅವಳು ದನಿ ಸ್ವಲ್ಪ ಹೆಚ್ಚಿಸಿದಳು. ಇಷ್ಟೇ ನಡೆದದ್ದು. ಒಂದು ಪ್ರಶ್ನೆ ಕೇಳುವಷ್ಟು ಹೊತ್ತು, ಒಂದು ಎಸಳು ಬೆಳ್ಳುಳ್ಳಿಯಷ್ಟು ಹೊತ್ತು. ಈಗ ಕಾರಿನ ಎಸಿಯಲ್ಲೂ ಬೆರಳಿನಿಂದ ಆ ವಾಸನೆ ಬಂದ ಹಾಗಾಗಿ ಅವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. “ಕರಾವಳಿ ರಸ್ತೇಲಿ ಹೋಗಪ್ಪ” ಎಂದಳು ಚಾಲಕನಿಗೆ.

ದೂರದಿಂದಲೇ ಹಳದಿ ಲಾರಿಗಳು ಕಂಡವು. ಬದುವಿನ ಮೇಲೆ ಸಾಲಾಗಿ ನಿಂತು ಒಂದೊಂದಾಗಿ ಹಿಂದಕ್ಕೆ ಸರಿದು ಹಾಳುಕೊಳದೊಳಗೆ ಹೊಟ್ಟೆ ಬರಿದು ಮಾಡುತ್ತಿದ್ದವು. ಬೆಳಗಿನಿಂದ ನಡೆದಿರಬೇಕು. ಒಂದು ಮೂಲೆ ಆಗಲೇ ತುಂಬಿ, ಅದರ ಮೇಲೆ ಹಳೆಯ ಕಪ್ಪು ಬಲೆ ಹಾಸಿದ್ದರು. ಬೀದಿಗಳ ಕಸಕ್ಕೆ ಜಾಗ ಮಾಡಿಕೊಳ್ಳಲೆಂದು ಹೋಬಳಿಯ ಹಳೆ ಕಸದ ಗುಡ್ಡೆಯನ್ನು, ತೀರದ ಹತ್ತಿರ ತಿಂಗಳುಗಟ್ಟಲೆ ಪೇರಿಸಿದ್ದನ್ನು, ಮೊದಲು ಇಲ್ಲಿಗೆ ಸಾಗಿಸುತ್ತಿದ್ದರು. ಗಾಳಿ ಬಲೆಯ ಅಂಚನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಬಿಡಿಸಿಕೊಂಡ ಚೀಲಗಳು ಬದು ಹಾರಿ ಆಚೆಯ ಕೊಳಗಳ ಮೇಲೆ, ಗಾಳಿ ಬೆರೆಸಲು ನೀರು ಕಡೆಯುವ ಚಕ್ರಗಳ ಸುತ್ತ ಬೀಳುತ್ತಿದ್ದವು. ಸ್ವಚ್ಛತಾ ದಳದ ಮುಖ್ಯಸ್ಥ ಅಪಿಯಾವ್ ಅಡಿಕೆ ಜಗಿಯುತ್ತ ಅವಳೆಡೆಗೆ ಬಂದ.

“ಅತ್ತಿಗೆ, ಇಲ್ಲಿಗ್ಯಾಕೆ ಬಂದ್ರಿ? ಬೂಟೆಲ್ಲಾ ಹಾಳಾಗುತ್ತೆ.”

“ಯಾರು ಹೇಳಿದ್ದು ಇಲ್ಲಿ ಸುರಿಯೋಕೆ?”

“ಅಧ್ಯಕ್ಷರು.”

“ಅಧ್ಯಕ್ಷರು ಯಾರು, ಅಪಿಯಾವ್?”

ಅವನಿಗೆ ಅರ್ಥವಾಗಲಿಲ್ಲ. ನಟಿಸುತ್ತಿರಲಿಲ್ಲ, ನಿಜಕ್ಕೂ ಅರ್ಥವಾಗಲಿಲ್ಲ. ಕೆಂಪು ಬಾಯಿ ಅರೆತೆರೆದು ಲ್ಯುವಿನ ಕಡೆ ನೋಡಿದ. ಲ್ಯು ಸಮುದ್ರದ ಕಡೆ ನೋಡಿದ. ಅಷ್ಟರಲ್ಲಿ ಬದುವಿನಾಚೆಯಿಂದ ಎದೆಮಟ್ಟದ ರಬ್ಬರ್ ಉಡುಪಿನಲ್ಲಿ ಅಣ್ಣ ಕುನ್‌ಶುಯಿ ಹತ್ತಿಬಂದ. ಕೈಯಲ್ಲಿ ನೀರಿನಿಂದ ಎತ್ತಿದ ಒಂದು ಚೀಲ, ಮಗುವಿನ ಡಯಪರ್‌ಗಳು ಊದಿಕೊಂಡು ತುಂಬಿದ್ದವು. ಬೈಯುತ್ತಾನೆಂದುಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ಬಂದ್ಯಾ?” ಎಂದ. “ಬಾ, ನೋಡು.”

“ಅಣ್ಣ, ನನಗೆ ಗೊತ್ತಿರಲಿಲ್ಲ.”

ಅಣ್ಣ ಚೀಲವನ್ನು ಕೆಳಗಿಟ್ಟ. “ಗೊತ್ತಿರಲಿಲ್ಲ ಅಂದ್ರೆ ಇನ್ನೂ ನಾಚಿಕೆಗೇಡು. ನಿನ್ನ ಲಾರಿ, ನಿನ್ನ ಡ್ರೈವರ್ರು, ನಿನ್ನ ಹೆಸರಿನ ಆರ್ಡರು. ಬೆಳಿಗ್ಗೆ ಆ ಲಾರಿ ಮೈಕಲ್ಲಿ ನಿನ್ನ ದನಿ ಹಾಕ್ಕೊಂಡೇ ಬಂತು. ತಪ್ಪಾಯ್ತು ಕ್ಷಮಿಸಿ, ತಪ್ಪಾಯ್ತು ಕ್ಷಮಿಸಿ ಅಂತ ಹೇಳ್ಕೊಂಡೇ ಸುರೀತು. ಸಂಜೆ ಉಬ್ಬರ ಬರುತ್ತೆ. ಈ ರಸ ಎಲ್ಲಾ ಕಾಲುವೇಗೆ ಇಳಿಯುತ್ತೆ. ಆಮೇಲೆ ನೀನು ಮೈಕಲ್ಲಿ ಇನ್ನೇನು ಹೇಳ್ತೀಯ?”

ಅವಳು ಕೊಳದೊಳಗೆ ನೋಡಿದಳು. ಬಿರಿದ ಚೀಲಗಳು, ಮೀನಿನ ತಲೆಗಳು, ಅಗರಬತ್ತಿಯ ಬೂದಿ ಕಟ್ಟಿದ ಕೆಂಪು ಕಾಗದ, ಮುರಿದ ಫ್ಯಾನು, ಒಂದೇ ಒಂದು ಹೊಸ ಚಪ್ಪಲಿ. ಇದೆಲ್ಲ ಯಾರದೋ ಅಡುಗೆಮನೆಯಿಂದ ಬಂದದ್ದು. ತನ್ನ ಮನೆಯದೂ ಇದರಲ್ಲಿರಬೇಕು. ರಾಜಧಾನಿ ಇದನ್ನು ಜಿಲ್ಲೆಗೆ ತಳ್ಳಿತು, ಜಿಲ್ಲೆ ಹೋಬಳಿಗೆ, ಹೋಬಳಿ ಅಂದರೆ ತಾನು, ತಾನು ಇದನ್ನು ಅಣ್ಣನ ನೀರಿಗೆ. ಇಲ್ಲಿಂದ ಮುಂದೆ ತಳ್ಳಲು ಯಾರೂ ಇಲ್ಲದ ಕಾರಣ ಇದು ಇಲ್ಲಿ ನಿಂತಿದೆ. ಹೊಟ್ಟೆಯೊಳಗೆ ಬೆಳಗಿನಿಂದ ಕೂತಿದ್ದ ಬೆಂಕಿ ಈಗ ಎದ್ದು ತಲೆಗೆ ಏರಿತು. ಅದರ ಬಿಸಿಯಲ್ಲಿ ಎಲ್ಲವೂ ವಿಚಿತ್ರವಾಗಿ ಸ್ಪಷ್ಟವಾಯಿತು.

“ತುಂಬಿಸು, ಅಪಿಯಾವ್. ಸುರಿದದ್ದನ್ನೆಲ್ಲಾ ವಾಪಸ್ ಲಾರಿಗೆ ತುಂಬಿಸು.”

“ತುಂಬಿಸಿ? ಎಲ್ಲಿಗೆ ಒಯ್ಯೋದು ಅತ್ತಿಗೆ?”

ಎಲ್ಲಿಗೆ! ಜಿಲ್ಲಾ ಕಚೇರಿಯ ಗಾಜಿನ ಬಾಗಿಲು ಕಣ್ಣಮುಂದೆ ಬಂತು. ಅಲ್ಲಿಗೆ ಸುರಿದರೆ ಪತ್ರಿಕೆಯವರು ಮೆಚ್ಚುತ್ತಾರೆ, ಪೋಲೀಸರು ಅರ್ಧ ದಾರಿಯಲ್ಲೇ ತಡೆಯುತ್ತಾರೆ, ಉಬ್ಬರ ಮಾತ್ರ ಕಾಯುವುದಿಲ್ಲ. “ನಮ್ಮನೆಗೆ” ಎಂದಳು. “ಅಂಗಳಕ್ಕೆ. ಕಾಂಕ್ರೀಟ್ ಹಾಕಿದೆ, ಸುತ್ತ ಗೋಡೆ ಇದೆ, ರಸ ಹೊರಗೆ ಹೋಗಲ್ಲ.”

ಅಪಿಯಾವ್ ನಕ್ಕ. ಯಾರೂ ಜೊತೆಗೂಡದಿದ್ದಾಗ ನಗು ನಿಲ್ಲಿಸಿ ಜೇಬಿನಿಂದ ಫೋನು ತೆಗೆದ.

“ಮಾಡು” ಎಂದಳು. “ಅವರಿಗೇ ಮಾಡು, ಹೇಳು. ಆದ್ರೆ ಕಸದ ಹೊಣೆ ಕಾನೂನಿನ ಪ್ರಕಾರ ನಂದು ಅಂತ ಇವತ್ತು ಜಿಲ್ಲಾಧ್ಯಕ್ಷರೇ ಎಲ್ಲರ ಮುಂದೆ ಹೇಳಿದಾರೆ. ಲ್ಯು, ಹೇಳಿದ್ರೋ ಇಲ್ವೋ?”

“ಹೇಳಿದ್ರು… ಹೌದು.”

“ಹೊಣೆ ನಂದಾದ್ರೆ ಲಾರಿನೂ ನಂದೇ. ಡಿಂಗ್ ವಾನ್‌ಫು ಹೋಬಳಿ ಕಚೇರಿಯಲ್ಲಿ ಯಾರು? ಜವಾನನೂ ಅಲ್ಲ. ಹೊರಗಿನವರ ಮಾತು ಕೇಳಿ ಸರ್ಕಾರಿ ಲಾರಿ ಓಡಿಸಿದೋರ ಹೆಸರು ನಾಳೆ ನಾನೇ ಪೋಲೀಸ್ ಸ್ಟೇಷನ್ನಿಗೆ ತಗೊಂಡು ಹೋಗ್ತೀನಿ. ನಿನ್ನ ಹೆಸರು ಮೊದಲು.”

ತನ್ನ ಬಾಯಿಂದ ಬಂದ ದನಿ ಅವಳಿಗೇ ಗುರುತಾಗಲಿಲ್ಲ. ಅದು ಮೆತ್ತಗಿರಲಿಲ್ಲ. ಕೊಳ ಅಗೆಯುವ ಯಂತ್ರದ ಮೇಲೆ ಕೂತಿದ್ದವನು ಲುನ್‌ವೆಯ್ ಊರಿನವನೇ. ಅಪಿಯಾವ್ ಇನ್ನೂ ಫೋನು ಕಿವಿಗಿಟ್ಟು ನಿಂತಿರುವಾಗಲೇ ಅವನು ಯಂತ್ರದ ಕೈಯನ್ನು ತಿರುಗಿಸಿ ಕಸಕ್ಕೆ ಹಲ್ಲು ಹಾಕಿದ.

ಸುದ್ದಿ ಲಾರಿಗಿಂತ ಮೊದಲೇ ಊರು ಮುಟ್ಟಿತ್ತು. ಮುಂದಿನ ಲಾರಿಯಲ್ಲಿ ಚಾಲಕನ ಪಕ್ಕ ಕೂತು ಅವಳು ತನ್ನ ಬೀದಿಗೆ ಬಂದಾಗ ಎರಡೂ ಬದಿಯಲ್ಲಿ ಜನ, ಸ್ಕೂಟರುಗಳು. ವಾನ್‌ಫು ಗೇಟಿನಲ್ಲಿ ನಿಂತಿದ್ದ. ಅವನ ಹಿಂದೆ ಚಹಾಕ್ಕೆ ಬಂದ ಅತಿಥಿಗಳಲ್ಲಿ ಹಾಳುಕೊಳದ ಒಡೆಯನೂ ಇದ್ದ. ವಾನ್‌ಫು ನಗುತ್ತಿದ್ದ. ಅವನಿಗೆ ಜನರೆದುರು ನಗದೆ ಇರಲು ಬರುವುದಿಲ್ಲ. “ಬಿಸಿಲು ಹತ್ತಿರಬೇಕು ಇವಳಿಗೆ” ಎಂದು ಸುತ್ತ ಕೇಳುವಂತೆ ಹೇಳಿ, ಅವಳು ಇಳಿದೊಡನೆ ತೋಳು ಹಿಡಿದ. ನೋಡುವವರಿಗೆ ಪ್ರೀತಿಯ ಹಿಡಿತ, ಹೆಬ್ಬೆರಳು ಮಾತ್ರ ಒಳಗೆ ಎಲುಬಿನವರೆಗೆ ಇಳಿದಿತ್ತು. “ಏನಿದು?” ಎಂದ ಹಲ್ಲಿನ ಸಂದಿಯಿಂದ.

“ಕಸ.”

“ಜಾಗ ನಾನು ಮಾಡಿಕೊಟ್ಟಿದ್ನಲ್ಲ!”

“ಅದು ನಮ್ಮಣ್ಣನ ಕೊಳದ ಬಾಯಿ.”

“ಕೊಳಕ್ಕೆ ಪರಿಹಾರ ಅಂತ ಏನಾದ್ರೂ ಕೊಡೋಣ ಅಂತಿದ್ದೆ. ನಿನ್ನ ಮನೆಯೋರನ್ನ ನಾನು ಬಿಟ್ಟುಬಿಡ್ತೀನಾ? ಈಗ ಒಳಗೆ ನಡಿ. ನಾಳೆ ರಾಜೀನಾಮೆ ಬರಿ, ಆರೋಗ್ಯ ಸರಿ ಇಲ್ಲ ಅಂತ.”

“ಬರೆಯಲ್ಲ. ತೋಳು ಬಿಡಿ, ಜನ ನೋಡ್ತಿದಾರೆ.” ಅವಳು ತಿರುಗದೆಯೇ ಕೂಗಿದಳು: “ಅಪಿಯಾವ್, ಇಳಿಸು!”

ಅಪಿಯಾವ್ ಅವಳನ್ನು ನೋಡಿದ, ಅವನನ್ನು ನೋಡಿದ. ಮುಂದಿನ ತಿಂಗಳು ಯಾರು ಉಳಿಯುತ್ತಾರೆಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ಲಾರಿಯ ಬೆನ್ನು ಎದ್ದಿತು. ಹೊಳಪಿನ ಕಾಂಕ್ರೀಟ್ ಅಂಗಳದ ಮೇಲೆ, ವಾನ್‌ಫುವಿನ ಕೆಂಪು ಮೀನುಗಳ ತೊಟ್ಟಿಯ ಪಕ್ಕ, ‘ಡಿಂಗ್ ವಾನ್‌ಫು ಜನಸೇವಾ ಕಚೇರಿ’ ಎಂಬ ಫಲಕದ ಕೆಳಗೆ, ತಿಂಗಳುಗಟ್ಟಲೆ ಬೆಂದ ಕಸ ಧೊಪ್ಪೆಂದು ಕುಸಿಯಿತು. ವಾಸನೆ ಬಂದದ್ದು ಆಮೇಲೆ, ಗೋಡೆಯಂತೆ ಬಂತು. ಅತಿಥಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಪಕ್ಕದ ಬಾಗಿಲಿನಿಂದ ಜಾರಿದರು. ಗೆದ್ದೆನೆಂದು ಶ್ಯುಮಾನ್‌ಗೆ ಅನಿಸಲಿಲ್ಲ. ಮಧ್ಯಾಹ್ನ ನುಂಗಿದ ಹಂದಿಮಾಂಸ ಮೇಲೆ ಬಂತು. ಕಂಬ ಹಿಡಿದು, ಊರೆಲ್ಲ ನೋಡುತ್ತಿದ್ದಂತೆ, ತನ್ನ ಬೂಟಿನ ಮೇಲೇ ಕಾರಿಕೊಂಡಳು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ತಲೆ ಎತ್ತಿದಾಗ ಅಕಿಮ್ ಚಿಕ್ಕಮ್ಮ ಒಂದು ಲೋಟ ನೀರು ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಚೀಲ.

“ಬಾಯಿ ಮುಕ್ಕಳಿಸ್ಕೊಳ್ಳಿ… ಹೇಗೂ ಇಲ್ಲಿ ಹಾಕ್ತಿದೀರಲ್ಲ, ನಮ್ದೂ ಹಾಕ್ಬೋದಾ?”

ಚಿಕ್ಕಮ್ಮನ ಹಿಂದೆ ಇನ್ನೂ ಚೀಲಗಳಿದ್ದವು, ಸ್ಕೂಟರಿನ ಮುಂದೆ ಸಿಕ್ಕಿಸಿಕೊಂಡವು, ಕೈಗಾಡಿಯಲ್ಲಿ ಹೇರಿದವು. ಅಣ್ಣನ ಕೊಳಕ್ಕೆ ಹೋಗಿದ್ದರೆ ಇವರಲ್ಲಿ ಒಬ್ಬರೂ ಎಲ್ಲಿಗೆ ಹೋಯಿತೆಂದು ಕೇಳುತ್ತಿರಲಿಲ್ಲ. ರಾಗ ನಿಂತ ಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದರು, ತಾನು ಟಿವಿಯ ದನಿ ಹೆಚ್ಚಿಸಿದ ಹಾಗೆ. “ಹಾಕಿ” ಎಂದಳು, ದನಿ ಕರ್ಕಶವಾಗಿತ್ತು. “ಎಲ್ಲರೂ ಹಾಕಿ. ಆದ್ರೆ ಇಲ್ಲಿಂದ ಇದು ಹೊರಗೆ ಹೋಗೋವರೆಗೂ ದಿನಾ ಬಂದು ಮೂಸಿ ಹೋಗಿ. ನಿಮ್ಮದೇ ಇದು.” ಒಬ್ಬಿಬ್ಬರು ಮುಖ ಕೆಂಪಗೆ ಮಾಡಿಕೊಂಡು ಚೀಲ ಸಮೇತ ತಿರುಗಿ ಹೋದರು. ಉಳಿದವರು ಹಾಕಿದರು.

ಸಂಜೆಯೊಳಗೆ ಜಿಲ್ಲಾಧ್ಯಕ್ಷರ ಫೋನು ಬಂತು, ಎಂದಿನಂತೆ ವಾನ್‌ಫುವಿನ ಫೋನಿಗೆ. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಖ ಸುಟ್ಟವನಂತೆ ಅವಳೆಡೆಗೆ ಚಾಚಿದ. “ನಿನಗಂತೆ.”

“ಅತ್ತಿಗೆ, ಇದೇನು ಹುಡುಗಾಟ? ಟಿವಿಯೋರು ಬಂದಿದಾರಂತೆ. ಕಾನೂನು ಗೊತ್ತಲ್ಲ ನಿಮಗೆ, ಕಸದ ಹೊಣೆ ನಿಮ್ಮದು.”

“ಹೌದು ಸ್ವಾಮಿ. ಅದಕ್ಕೇ ನನ್ನ ಮನೇಲಿದೆ. ಇಲ್ಲಿ ತುಂಬ್ತಾ ಬಂತು. ಇನ್ನು ಮೇಲಿನದು ನಿಮ್ಮ ಪಾಲು. ಎಲ್ಲಿ ಇಳಿಸ್ಲಿ ಹೇಳಿ.”

ಆ ಕಡೆಯಿಂದ ಫೋನು ಕಟ್ಟಾಯಿತು.

ಒಂದು ವಾರ ಅದು ಅಂಗಳದಲ್ಲಿತ್ತು. ಮೀನುಗಳು ಸತ್ತು ತೇಲಿದವು. ವಾನ್‌ಫು ತನ್ನ ಬಟ್ಟೆ, ಚಹಾದ ಡಬ್ಬಿಗಳನ್ನು ತೆಗೆದುಕೊಂಡು ತಮ್ಮನ ಮನೆಗೆ ಹೋದ. ವಾರದ ಕೊನೆಗೆ ಜಿಲ್ಲೆ ಆ ಖಾಲಿ ಖಾನೆಯನ್ನು ಎಲ್ಲ ಹೋಬಳಿಗಳಿಗೂ ತೆರೆಯಿತು. ಜಿಲ್ಲಾಧ್ಯಕ್ಷರು ಹೆಲ್ಮೆಟ್ ಹಾಕಿಕೊಂಡು ಗುಂಡಿಯ ಅಂಚಿನಲ್ಲಿ ನಿಂತು, ಇದು ಜಿಲ್ಲೆಯ ಸಕಾಲಿಕ ಕ್ರಮ ಎಂದು ಟಿವಿಯಲ್ಲಿ ಹೇಳಿದರು. ಮುಂದಿನ ಸಭೆಯಲ್ಲಿ ಫಲಕದ ಮೇಲೆ ಅವಳ ಹೆಸರೇ ಇತ್ತು. ಅವಳಿಂದಾಗಿ ತಮ್ಮ ಕಸ ಸಾಗಿಸಿಕೊಂಡ ಅಧ್ಯಕ್ಷರು ಮಾತ್ರ ಒಬ್ಬೊಬ್ಬರಾಗಿ ಕುರ್ಚಿ ಆಚೆ ಎಳೆದುಕೊಂಡರು. ಅನುಮತಿಯಿಲ್ಲದ ಜಾಗದಲ್ಲಿ ಕಸ ಶೇಖರಿಸಿದ್ದಕ್ಕೆ ಜಿಲ್ಲಾ ಪರಿಸರ ಇಲಾಖೆಯ ದಂಡದ ನೋಟೀಸು ಅವಳ ಹೆಸರಿಗೇ ಬಂತು. ಹಾಳುಕೊಳಕ್ಕೆ ಸುರಿದದ್ದಕ್ಕೆ ಯಾರಿಗೂ ನೋಟೀಸು ಬರಲಿಲ್ಲ. ಅವಳನ್ನು ಕೆಳಗಿಳಿಸಲು ವಾನ್‌ಫು ತಮ್ಮನ ಮನೆಯ ಮುಂದೆ ಮೇಜು ಹಾಕಿ ಸಹಿ ಸಂಗ್ರಹಿಸತೊಡಗಿದ. ಅಕಿಮ್ ಚಿಕ್ಕಮ್ಮ ಸಹಿ ಹಾಕಿ ಬಂದು ಅವಳಿಗೇ ಹೇಳಿದಳು. “ಬೇಜಾರಾಗಬೇಡಿ. ವಾಸನೆ ಬಂದಿದ್ದು ನಿಜ ತಾನೇ?”

ಅವಳಿಗೆ ಬೇಜಾರಾಗಲಿಲ್ಲ. ಸಿಟ್ಟು ಬಂತು. ಅದನ್ನು ಆರಲು ಬಿಡಬಾರದೆಂದು, ತುಂಬಿದ ಬಟ್ಟಲನ್ನು ಒಯ್ಯುವವಳಂತೆ, ಜೋಪಾನವಾಗಿ ಹೊತ್ತುಕೊಂಡು ಆ ಭಾನುವಾರ ಲುನ್‌ವೆಯ್‌ಗೆ ಹೋದಳು.

ಕಾಲುವೆಗೆ ಹತ್ತಿರದ ಕೊಳವನ್ನು ಅಣ್ಣ ಪೂರ್ತಿ ಬಸಿದಿದ್ದ. ಲಾರಿಗಳು ಎಷ್ಟೇ ಬೇಗ ತಿರುಗಿದರೂ ಆ ದಿನದ ಉಬ್ಬರ ಒಂದಿಷ್ಟು ರಸವನ್ನು ತಂದೇ ತಂದಿತ್ತು. ಕೆಸರಿನ ಮೇಲೆ ಕಪ್ಪೆಚಿಪ್ಪುಗಳು ಬಾಯಿ ತೆರೆದು ಬಿದ್ದಿದ್ದವು, ಕಾಲಿಟ್ಟಲ್ಲೆಲ್ಲ ಸದ್ದು. ಉಳಿದ ಕೊಳಗಳಲ್ಲಿ ಚಕ್ರಗಳು ತಿರುಗುತ್ತಿದ್ದವು, ಅವು ಬದುಕಿದ್ದವು. ಅಣ್ಣ ಅವಳನ್ನು ನೋಡಿದ, ಬಾ ಎನ್ನಲಿಲ್ಲ. ಅವಳು ಗೋಡೆಗೆ ಒರಗಿಸಿದ್ದ ಇನ್ನೊಂದು ಕುಂಟೆ ತೆಗೆದುಕೊಂಡು ಕೆಸರಿಗಿಳಿದಳು. ಬಹಳ ಹೊತ್ತು ಇಬ್ಬರೂ ಸತ್ತದ್ದನ್ನು ಒಂದು ಕಡೆ, ಪ್ಲಾಸ್ಟಿಕ್ಕನ್ನು ಒಂದು ಕಡೆ ಎಳೆದರು. ಗಾಳಿ ಅವಳ ಟೋಪಿಯನ್ನು ಹಾರಿಸಿತು, ಅವಳು ತರಲು ಹೋಗಲಿಲ್ಲ.

“ಆವತ್ತು ಗೊತ್ತಿರಲಿಲ್ಲ ಅಂದೆನಲ್ಲ, ಅದು ಸುಳ್ಳು” ಎಂದಳು. “ಅವರು ಫೋನಲ್ಲಿ ಮಾತಾಡಿದ್ದು ಕೇಳಿಸಿತ್ತು.”

ಅಣ್ಣನ ಕುಂಟೆ ನಿಂತಿತು. ಅವನು ಅವಳ ಕಡೆ ತಿರುಗಲಿಲ್ಲ. “ಅದು ನನಗೆ ಆವತ್ತೇ ಗೊತ್ತಾಯ್ತು, ನಿನ್ನ ಮುಖ ನೋಡಿ.” ಕೆಸರನ್ನು ಮತ್ತೆ ಎಳೆಯತೊಡಗಿದ. “ಮತ್ತೆ ಚುನಾವಣೆ ಬಂದ್ರೆ ನಿಲ್ತೀಯಾ?”

“ನಿಲ್ತೀನಿ.”

“ಈ ಮನೆಯಿಂದ ಒಂದು ಓಟೂ ಬೀಳಲ್ಲ ನಿನಗೆ. ಕೇಳೋಕೆ ಬರಬೇಡ.”

“ಹಾಕಬೇಡಿ” ಎಂದಳು ಶ್ಯುಮಾನ್. ಕುಂಟೆಯ ಹಲ್ಲಿಗೆ ಸಿಕ್ಕಿಕೊಂಡ ಚೀಲವನ್ನು ಬರಿಗೈಯಿಂದ ಕಿತ್ತು ಗುಡ್ಡೆಗೆ ಎಸೆದಳು. “ಕೇಳೋಕೆ ಬಂದೇ ಬರ್ತೀನಿ.”